ಓವರ್‌ಡ್ರಾಫ್ಟ್ ಹೋಮ್ ಲೋನ್ ರಿವ್ಯೂ: ಸಾಲ, ರಿನೋವೇಶನ್, ಮನೆ ಖರ್ಚು ಮೂರನ್ನೂ ಒಂದೇ ಖಾತೆ ತಡ್ಕೊಳ್ಳುತ್ತಾ?

ಮೊದ್ಲೇ ಹೇಳ್ಬಿಡ್ತೀನಿ, ಇದು ಯಾವ್ದೋ ಒಂದು ಬ್ಯಾಂಕಿನ ರಿವ್ಯೂ ಅಲ್ಲ, ಒಂದು ತರದ ಲೋನಿನ ರಿವ್ಯೂ. ಬ್ಯಾಂಕ್ ಬ್ಯಾಂಕಿಗೂ ಹೆಸರು ಬೇರೆ ಇರುತ್ತೆ, ಒಳಗಿನ ಸರಕು ಒಂದೇ. ಮಾಮೂಲಿ ಹೋಮ್ ಲೋನ್ ಬದಲು ನಿಮ್ಗೊಂದು ಓವರ್‌ಡ್ರಾಫ್ಟ್ (ಚಿಕ್ಕದಾಗಿ ಓಡಿ) ಖಾತೆ ಕೊಡ್ತಾರೆ, ಅದ್ರಲ್ಲಿ ನೀವು ಎಕ್ಸ್‌ಟ್ರಾ ದುಡ್ಡು ಹಾಕಿಟ್ರೆ ಅಷ್ಟು ದುಡ್ಡಿಗೆ ಅಷ್ಟು ದಿನ ಸಾಲದ ಬಡ್ಡಿ ಬೀಳಲ್ಲ, ಬೇಕಂದಾಗ ವಾಪಸ್ ತೆಗೀಬಹುದು. ಇನ್ನು ಕೆಲವರು ಸೇವಿಂಗ್ಸ್ ಖಾತೆನ ಬೇರೆಯಾಗೇ ಇಟ್ಟು ಲೋನಿಗೆ ಲಿಂಕ್ ಮಾತ್ರ ಮಾಡ್ತಾರೆ, ಅದನ್ನ ಆಫ್‌ಸೆಟ್ ಅಂತಾರೆ, ಲೆಕ್ಕ ಹೆಚ್ಚು ಕಮ್ಮಿ ಅದೇ. ಬಡ್ಡಿ ದಿನದ ಬ್ಯಾಲೆನ್ಸ್ ಮೇಲೆ ಹಾಕ್ತಾರೆ, ತಿಂಗಳಿಗೊಂದ್ಸಲ ಕಟ್ ಮಾಡ್ತಾರೆ.

ನಾವು ಇದನ್ನ ತಗೊಂಡಿದ್ದು ಒಂದೇ ಕಾರಣಕ್ಕೆ, ಮನೆ ಹಳೇದು, ರಿಪೇರಿ ಮಾಡಿಸ್ಲೇಬೇಕಿತ್ತು, ಆದ್ರೆ ಒಂದೇ ಸಲ ಮಾಡ್ಸೋ ಶಕ್ತಿ ಇರ್ಲಿಲ್ಲ. ಅಂದ್ರೆ ಸ್ವಲ್ಪ ಸ್ವಲ್ಪ ಕೂಡಿಡ್ಬೇಕು, ಒಂದು ಹಂತಕ್ಕೆ ಬಂದಾಗ ಖರ್ಚು ಮಾಡ್ಬೇಕು, ಮತ್ತೆ ಕೂಡಿಡ್ಬೇಕು, ಈ ಮಧ್ಯೆ ಮಗಳ ಸ್ಕೂಲ್ ಫೀಸು, ಅತ್ತೆ ಆಸ್ಪತ್ರೆ ಖರ್ಚು, ಇನ್ಶೂರೆನ್ಸು, ಯಾವ್ದೂ ನಮ್ಮ ರಿನೋವೇಶನ್ ಮುಗೀಲಿ ಅಂತ ಕಾಯಲ್ಲ. ಮನೆ ಕಟ್ಟಿ ನೋಡು ಅಂತಾರಲ್ಲ, ಅದಕ್ಕಿಂತ ಕಷ್ಟ ಅದೇ ಮನೇಲಿ ಇದ್ಕೊಂಡು ಒಡೆಸಿ ನೋಡೋದು, ಅದೂ ಸಾಲ ಕಟ್ಕೊಂಡು.

ಈಗ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ಇದನ್ನ ಮಾರೋರು ಈ ಭಾಗನೇ ಹಾರಿಸ್ತಾರೆ. ಸಾಲ 100 ಅಂತ ಇಟ್ಕೊಳ್ಳಿ, 20 ವರ್ಷ, ಬಡ್ಡಿ 8.5 ಪರ್ಸೆಂಟ್ ಅನ್ಕೊಳ್ಳೋಣ. ತಿಂಗಳ ಇಎಂಐ ಹತ್ರತ್ರ 0.87 ಬರುತ್ತೆ. ಮೊದಲನೇ ತಿಂಗಳು ಅದ್ರಲ್ಲಿ 0.71 ಬಡ್ಡಿಗೇ ಹೋಗುತ್ತೆ, ಅಸಲಿಗೆ ಹೋಗೋದು 0.16. ಅಸಲು ಬಡ್ಡಿ ಸಮ ಸಮ ಆಗೋಷ್ಟೊತ್ತಿಗೆ ಹನ್ನೆರಡು ವರ್ಷ ಆಗಿರುತ್ತೆ. ಹತ್ತು ವರ್ಷ ಒಂದು ಕಂತೂ ತಪ್ಪದೆ ಕಟ್ಟಿ ಸ್ಟೇಟ್‌ಮೆಂಟ್ ತೆಗ್ದು ನೋಡಿದ್ರೆ ಇನ್ನೂ 70 ಬಾಕಿ ತೋರಿಸುತ್ತೆ, ಅರ್ಧ ದಾರಿ ಬಂದಿದೀವಿ ಆದ್ರೆ ಅರ್ಧ ಸಾಲ ತೀರಿಲ್ಲ! ಬ್ಯಾಂಕ್ ಮೋಸ ಮಾಡ್ತಿದೆ ಅಂತ ಜಗಳಕ್ಕೆ ಹೋಗೋರನ್ನ ನೋಡಿದೀನಿ, ಮೋಸ ಏನಿಲ್ಲ, ಬಾಕಿ ಇರೋ ಅಸಲಿನ ಮೇಲೆ ಬಡ್ಡಿ, ಶುರುವಿನಲ್ಲಿ ಅಸಲು ಜಾಸ್ತಿ, ಬಡ್ಡಿನೂ ಜಾಸ್ತಿ. ಹಂಗಾಗಿ ಮೊದಲ ವರ್ಷಗಳಲ್ಲಿ ಖಾತೇಲಿ ಕೂತಿರೋ ದುಡ್ಡಿಗೆ ಬೆಲೆ ಜಾಸ್ತಿ. ಮತ್ತೆ ನಮ್ಮ ಕರ್ಮಕ್ಕೆ ರಿನೋವೇಶನ್ ಕೂಡ ಅದೇ ವರ್ಷಗಳಲ್ಲೇ ಬರೋದು.

ಓಡಿ ಲೋನಿಗೆ ಬಡ್ಡಿ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಇರುತ್ತೆ. ಕಾಲು ಪರ್ಸೆಂಟ್ ಜಾಸ್ತಿ, ಅಂದ್ರೆ 8.75 ಅಂತ ಇಟ್ಕೊಂಡ್ರೆ, ಆ ಜಾಸ್ತಿ ಬಡ್ಡಿ ವಸೂಲಾಗ್ಬೇಕಾದ್ರೆ ಬಾಕಿ ಸಾಲ 100ಕ್ಕೆ ಸುಮಾರು 3ರಷ್ಟು ದುಡ್ಡು ವರ್ಷಪೂರ್ತಿ ಖಾತೇಲಿ ಸುಮ್ನೆ ಕೂತಿರ್ಬೇಕು. ಏಜೆಂಟ್ ಇಷ್ಟು ಹೇಳಿದ್ರೇ ದೊಡ್ಡದು. ಆದ್ರೆ ಇದೂ ಪೂರ್ತಿ ಲೆಕ್ಕ ಅಲ್ಲ. ಆ ದುಡ್ಡನ್ನ ನೀವೇನು ದಿಂಬಿನ ಕೆಳಗೆ ಇಡ್ತಿದ್ರಾ? ಡೆಪಾಸಿಟ್ ಮಾಡಿದ್ರೆ ಅದಕ್ಕೂ ಬಡ್ಡಿ ಬರ್ತಿತ್ತು. ಡೆಪಾಸಿಟ್‌ಗೆ 6 ಪರ್ಸೆಂಟ್ ಸಿಗೋ ಹಾಗಿದ್ರೆ, ಓಡಿಯಲ್ಲಿ ಇಟ್ಟಿದ್ದಕ್ಕೆ ನಿಜವಾದ ಲಾಭ 8.75 ಅಲ್ಲ, 2.75 ಮಾತ್ರ. ಆಗ 100ಕ್ಕೆ 3 ಸಾಕಾಗಲ್ಲ, 9 ಬೇಕು! ಡೆಪಾಸಿಟ್ ಬಡ್ಡಿಗೆ ನೀವು ಟ್ಯಾಕ್ಸ್ ಕಟ್ಟೋರಾದ್ರೆ ಈ 9 ಸ್ವಲ್ಪ ಇಳಿಯುತ್ತೆ, ಆದ್ರೂ 3ಕ್ಕೆ ಬರಲ್ಲ. ನಾನು ಇದನ್ನ ಹಾಳೇಲಿ ಬರ್ದು ಕೇಳ್ದಾಗ ಎದುರಿಗೆ ಕೂತಿದ್ದ ಹುಡುಗ 'ಮೇಡಂ ನೀವು ತುಂಬಾ ಡೀಪ್ ಆಗಿ ಯೋಚ್ನೆ ಮಾಡ್ತೀರಾ' ಅಂದ. ಇಪ್ಪತ್ತು ವರ್ಷದ ಸಾಲಕ್ಕೆ ಸೈನ್ ಹಾಕೋಳು ಇನ್ನೆಷ್ಟು ಮೇಲ್‌ಮೇಲೆ ಯೋಚ್ನೆ ಮಾಡ್ಬೇಕಪ್ಪಾ.

ಇನ್ನೊಂದು, ಸಂಬಳ ಟ್ರಿಕ್ಕು. ವಿಡಿಯೋ ಮಾಡೋರೆಲ್ಲಾ ಹೇಳ್ತಾರಲ್ಲ, ಸಂಬಳ ಬಂದ ತಕ್ಷಣ ಓಡಿಗೆ ಹಾಕಿ, ಖರ್ಚೆಲ್ಲಾ ಕ್ರೆಡಿಟ್ ಕಾರ್ಡಲ್ಲಿ ಮಾಡಿ, ತಿಂಗಳ ಕೊನೇಗೆ ಕಾರ್ಡ್ ಬಿಲ್ ಕಟ್ಟಿ, ಸಾಲ ಬೇಗ ತೀರುತ್ತೆ ಅಂತ. ಮನೆ ಖರ್ಚು ಇಎಂಐನಷ್ಟೇ ಅಂತ ಇಟ್ಕೊಳ್ಳಿ, ಅದೇ 0.87. ದಿನಾ ಸ್ವಲ್ಪ ಸ್ವಲ್ಪ ಖಾಲಿಯಾಗೋ ದುಡ್ಡಾದ್ರೆ ಸರಾಸರಿ ಖಾತೇಲಿ ಇರೋದು ಅದ್ರ ಅರ್ಧ, 0.43. ಕಾರ್ಡಲ್ಲಿ ಪೂರ್ತಿ ತಿಂಗಳು ತಳ್ಳಿದ್ರೂ 0.87. ಬೇಕಿರೋದು 3, ಇಲ್ಲಾಂದ್ರೆ 9. ಈ ಟ್ರಿಕ್ಕಿಂದ ಜಾಸ್ತಿ ಬಡ್ಡಿ ಕೂಡ ವಸೂಲಾಗಲ್ಲ, ಒಂದು ತಿಂಗಳು ಕಾರ್ಡ್ ಬಿಲ್ ಮರೆತ್ರೆ ವರ್ಷದ ಉಳಿತಾಯ ಹೋಯ್ತು. ಇದು ಮೂಗಿಗೆ ತುಪ್ಪ ಸವರೋ ಕೆಲ್ಸ ಅಷ್ಟೇ.

ಹಾಗಾದ್ರೆ ಇದ್ರಿಂದ ಉಪಯೋಗ ಯಾರಿಗೆ? ಒಂದು ಗಂಟು ದುಡ್ಡು ಇದೆ, ಅದು ಖರ್ಚಾಗೋದು ಗ್ಯಾರಂಟಿ, ಆದ್ರೆ ಯಾವಾಗ ಅಂತ ಗೊತ್ತಿಲ್ಲ, ಅಂಥವರಿಗೆ. ರಿನೋವೇಶನ್ ಅಂದ್ರೆ ಅದೇ ತಾನೇ? ಅದಕ್ಕೆ ಎತ್ತಿಟ್ಟಿದ್ದು 100ಕ್ಕೆ 15 ಅನ್ಕೊಳ್ಳಿ, ಜೊತೆಗೆ ಆರು ತಿಂಗಳ ಮನೆ ಖರ್ಚು ಪ್ಲಸ್ ಇಎಂಐ ಆಪತ್ಕಾಲಕ್ಕೆ ಅಂತ ಇಟ್ಟಿರೋದು ಒಂದು 10, ಎರಡೂ ಸೇರಿ 25 ಆಗುತ್ತೆ. ಆಗ ಈ ಖಾತೆ ಎದ್ದು ಕಾಣೋ ಹಾಗೆ ಕೆಲ್ಸ ಮಾಡುತ್ತೆ. ಮಾಮೂಲಿ ಲೋನಿಗೆ ಅದೇ ದುಡ್ಡು ಪ್ರೀಪೇಮೆಂಟ್ ಮಾಡಿದ್ರೂ ಬಡ್ಡಿ ಉಳಿಯುತ್ತೆ, ಕಾಲು ಪರ್ಸೆಂಟ್ ಜಾಸ್ತಿನೂ ಕೊಡ್ಬೇಕಿಲ್ಲ, ಆದ್ರೆ ಕಟ್ಟಿದ್ದು ಕಟ್ಟಿದ ಹಾಗೆ, ನಾಳೆ ಪ್ಲಂಬರ್ ಪೈಪ್ ಒಡ್ದು 'ಒಳಗೆಲ್ಲಾ ತುಕ್ಕು ಹಿಡ್ದಿದೆ' ಅಂದ್ರೆ ಆ ದುಡ್ಡು ವಾಪಸ್ ಬರಲ್ಲ. ಮತ್ತೆ ಟಾಪ್‌ಅಪ್ ಅಂತ, ಅಂದ್ರೆ ಇರೋ ಸಾಲದ ಮೇಲೆ ಇನ್ನಷ್ಟು ಸಾಲಕ್ಕೆ, ಅರ್ಜಿ ಹಾಕ್ಬೇಕು, ಪರ್ಸನಲ್ ಲೋನಿಗೆ ಹೋದ್ರಂತೂ ಬಡ್ಡಿ ಹೋಮ್ ಲೋನಿಗಿಂತ ಎಷ್ಟೋ ಮೇಲೆ. ಅಂದ್ರೆ ಆ ಕಾಲು ಪರ್ಸೆಂಟ್ ನಾವು ಕೊಡೋದು ದುಡ್ಡು ವಾಪಸ್ ತೆಗೆಯೋ ಹಕ್ಕಿಗೆ. ಆ ಹಕ್ಕು ಬೇಡದೇ ಇರೋರು ಅದನ್ನ ಯಾಕೆ ಕೊಳ್ಬೇಕು?

ನಮ್ಮಲ್ಲಿ ಮೊದಲು ಶುರು ಮಾಡಿದ್ದು ಬಾತ್‌ರೂಮು. ಅಡುಗೆಮನೆ ಅಂತ ನನ್ನಾಸೆ, ಫಾಲ್ಸ್ ಸೀಲಿಂಗು ಅಂತ ನನ್ನ ಗಂಡನ ಆಸೆ, ಆದ್ರೆ ಗೋಡೆ ಹಿಂದೆ ನೀರು ಇಳೀತಿದ್ದಾಗ ಮೇಲ್ಗಡೆ ಬಣ್ಣ ಬಳ್ಕೊಂಡು ಕೂತ್ಕೊಂಡ್ರೆ ಆ ಬಣ್ಣ ಎಷ್ಟು ದಿನ ನಿಲ್ಲುತ್ತೆ. ನೀರು, ಆಮೇಲೆ ವೈರಿಂಗ್, ಆಮೇಲೆ ಗಾರೆ, ಟೈಲ್ಸ್, ಮರದ ಕೆಲ್ಸ, ಕೊನೇಗೆ ಬಣ್ಣ, ಈ ಆರ್ಡರ್ ತಪ್ಪಿಸಿದ್ರೆ ಒಂದೇ ಕೆಲ್ಸಕ್ಕೆ ಎರಡು ಸಲ ದುಡ್ಡು. ಕಾಂಟ್ರಾಕ್ಟರ್ ಜೊತೆ ಹಂತ ಹಂತವಾಗಿ ಪೇಮೆಂಟ್ ಅಂತ ಮಾತಾಯ್ತು, ಕೊನೇ ಹತ್ತು ಪರ್ಸೆಂಟ್ ಎಲ್ಲಾ ಮುಗಿದು ಒಂದು ತಿಂಗಳಾದ್ಮೇಲೆ. ಆತ ಮುಖ ಸಣ್ಣ ಮಾಡ್ಕೊಂಡು ಒಪ್ಕೊಂಡ.

ವಾಟರ್‌ಪ್ರೂಫಿಂಗ್ ಆದ್ಮೇಲೆ ಟೈಲ್ಸ್ ಹಾಕೋ ಮುಂಚೆ ನೀರು ನಿಲ್ಲಿಸಿ ನೋಡ್ಬೇಕು, ಕಡೇಪಕ್ಷ 24 ಗಂಟೆ, ಸಾಧ್ಯ ಆದ್ರೆ 48. ನಮ್ಮ ಮೇಸ್ತ್ರಿ ನೀರು ಹೋಗೋ ತೂತಿಗೆ ಬಟ್ಟೆ ಉಂಡೆ ತುರುಕಿ ಮೇಲೆ ಸಿಮೆಂಟ್ ಮೆತ್ತಿ ನೀರು ತುಂಬಿಸ್ದ, ನೀರಿನ ಮಟ್ಟಕ್ಕೆ ಸರಿಯಾಗಿ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳ್ದ. ಮಾರನೇ ದಿನ ನೋಡಿದ್ರೆ ನೀರು ಗೆರೆಗಿಂತ ಎರಡು ಬೆರಳು ಕೆಳಗೆ. 'ಆವಿ ಆಗಿರುತ್ತೆ ಮೇಡಂ' ಅಂತ ಕಾಂಟ್ರಾಕ್ಟರ್ ಕಿವಿ ಮೇಲೆ ಹೂ ಇಡಕ್ಕೆ ಬಂದ. ಮುಚ್ಚಿದ ಬಾತ್‌ರೂಮಲ್ಲಿ ಒಂದು ರಾತ್ರೀಲಿ ಎರಡು ಬೆರಳು ಆವಿನಾ? ಮೇಸ್ತ್ರಿನೇ ನಿಜ ಹೇಳ್ದ, ಪೈಪು ನೆಲದೊಳಗೆ ಹೋಗೋ ಜಾಗದಲ್ಲಿ ಸುತ್ತ ಸರಿಯಾಗಿ ತುಂಬಿಲ್ಲ ಅಂತ. ಮತ್ತೆ ಕೆತ್ತಿ, ತುಂಬಿ, ಕೋಟ್ ಹೊಡ್ದು, ಒಣಗ್ಸಿ, ಮತ್ತೆ ನೀರು. ಅಷ್ಟೂ ದಿನ ಕಾಂಟ್ರಾಕ್ಟರ್‌ಗೆ ಕೊಡ್ಬೇಕಿದ್ದ ಎರಡನೇ ಕಂತು ನಮ್ಮ ಖಾತೇಲೇ ಕೂತಿತ್ತು, ದಿನಾ ಅಷ್ಟಷ್ಟು ಬಡ್ಡಿ ಉಳಿಸ್ತಾ. ಇದೇ ದುಡ್ಡನ್ನ ಟಾಪ್‌ಅಪ್ ಲೋನ್ ಅಂತ ತಗೊಂಡಿದ್ರೆ ಕೈಗೆ ಬಂದ ದಿನದಿಂದ ಪೂರ್ತಿ ಮೊತ್ತಕ್ಕೆ ಬಡ್ಡಿ ಓಡ್ತಿತ್ತು, ಆಗ ನಾವೇ ಕಾಂಟ್ರಾಕ್ಟರ್‌ಗೆ ಬೇಗ ಮುಗ್ಸಪ್ಪಾ ಅಂತ ದುಂಬಾಲು ಬೀಳ್ತಿದ್ವಿ, ಆತ ಆ ತೂತಿನ ಮೇಲೇ ಟೈಲ್ಸ್ ಅಂಟಿಸಿ ಹೋಗ್ತಿದ್ದ. ರಿನೋವೇಶನ್ ಕೆಲ್ಸ ಲೇಟಾಗೋದು ಮಾಮೂಲು, ಲೇಟಾದ್ರೂ ಮೈಮೇಲೆ ಬೀಳದೇ ಇರೋ ಸಾಲ ಇದೊಂದೇ ಅಂತ ನನ್ನ ಅಭಿಪ್ರಾಯ.

ಆದ್ರೆ ಮನೇಲಿ ಇರೋರ ಮೈಮೇಲೆ ಬೀಳುತ್ತೆ, ಅದಕ್ಕೆ ಯಾವ ಬ್ಯಾಂಕೂ ಓಡಿ ಕೊಡಲ್ಲ. ಉಳಿದಿದ್ದ ಒಂದೇ ಬಾತ್‌ರೂಮಿಗೆ ಬೆಳಗ್ಗೆ ಕ್ಯೂ, ಮಗಳಿಗೆ ಸ್ಕೂಲ್ ವ್ಯಾನು, ನನ್ನ ಗಂಡನಿಗೆ ಮೀಟಿಂಗು, ಅತ್ತೆಗೆ ಮಂಡಿ ನೋವು ಅವ್ರನ್ನ ಬೇಗ ಬನ್ನಿ ಅನ್ನಕ್ಕಾಗುತ್ತಾ. ಬ್ರೇಕರ್ ಹಾಕಿ ಒಡೆಯೋ ಸದ್ದಲ್ಲಿ ಪರೀಕ್ಷೆಗೆ ಓದೋದು ಆಗಲ್ಲ ಅಂತ ಮಗಳನ್ನ ಸಂಜೆ ತನಕ ಫ್ರೆಂಡ್ ಮನೇಲಿ ಬಿಡ್ತಿದ್ವಿ. ಧೂಳು ಅಲ್ಮೇರಾ ಒಳಗಿದ್ದ ಬಟ್ಟೆಗೂ ಹೋಗಿತ್ತು. ಅತ್ತೆ ಮಾತ್ರ ಒಂದು ಒಳ್ಳೇ ಮಾತು ಹೇಳಿದ್ರು, ಷೋಗೆ ಹೊಳೆಯೋ ಟೈಲ್ಸ್ ಬೇಡ, ಜಾರದೇ ಇರೋದು ಹಾಕ್ಸಿ, ಹಿಡ್ಕೊಳ್ಳಕ್ಕೊಂದು ಕಂಬಿ ಹಾಕ್ಸಿ ಅಂತ. ಆ ಕಂಬಿ ಈಗ ಎಲ್ಲರೂ ಹಿಡ್ಕೊಳ್ತೀವಿ. (ಟೈಲ್ಸ್ ವಿಷ್ಯ ಬಂದಿದ್ದಕ್ಕೆ ಹೇಳ್ತೀನಿ, ಅಳತೆಗಿಂತ ಒಂದು ಹತ್ತು ಪರ್ಸೆಂಟ್ ಜಾಸ್ತಿ ತಗೊಳ್ಳಿ, ಎಲ್ಲಾ ಡಬ್ಬದ ಮೇಲೂ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡ್ಕೊಳ್ಳಿ, ಆಮೇಲೆ ಕಮ್ಮಿ ಬಿತ್ತು ಅಂತ ಹೋದ್ರೆ ಅದೇ ಶೇಡ್ ಸಿಗಲ್ಲ.)

ಈಗ ಬೈಯೋ ಭಾಗ. ನಂಗೆ ಈ ಖಾತೇಲಿ ಅತಿ ದೊಡ್ಡ ತಕರಾರು ಅಂದ್ರೆ ಆಪ್. ತೆಗ್ದ ತಕ್ಷಣ ಮೇಲ್ಗಡೆ ದಪ್ಪ ಹಸಿರು ಅಕ್ಷರದಲ್ಲಿ ಲಭ್ಯವಿರುವ ಮೊತ್ತ ಅಂತ ತೋರಿಸುತ್ತೆ. ಸಾಲ ಎಷ್ಟು ಬಾಕಿ ಅನ್ನೋದು ಕೆಳಗೆಲ್ಲೋ ಬೂದು ಬಣ್ಣದಲ್ಲಿ, ಎರಡು ಸಲ ಒತ್ತಿದ್ರೆ ಕಾಣುತ್ತೆ. ಆ ಹಸಿರು ಮೊತ್ತದಲ್ಲಿ ಆಪತ್ಕಾಲದ ದುಡ್ಡು, ಬಾತ್‌ರೂಮಿನ ಕೊನೇ ಕಂತು, ಮುಂದಿನ ಟರ್ಮಿನ ಫೀಸು ಎಲ್ಲಾ ಕಲಸಿ ಕೂತಿದೆ, ಯಾವುದು ಯಾವುದಕ್ಕೆ ಅಂತ ಆಪಿಗೆ ಗೊತ್ತಿಲ್ಲ. ಟೈಲ್ಸ್ ಶೋರೂಮಲ್ಲಿ ಸೇಲ್ಸ್‌ನವನು ದೊಡ್ಡ ಸೈಜಿನ ಇಂಪೋರ್ಟೆಡ್ ಪೀಸ್ ತೋರಿಸ್ತಿದ್ದಾಗ ನನ್ನ ಗಂಡ ಮೆಲ್ಲಗೆ ಫೋನ್ ತೆಗ್ದು ಆ ಹಸಿರು ನಂಬರ್ ನೋಡಿದ್ರು, ನಾನು ಅವ್ರ ಮುಖ ನೋಡ್ದೆ, ಫೋನ್ ಒಳಗಿಡಿ ಅಂದೆ. ಮಾಮೂಲಿ ಲೋನಲ್ಲಿ ಈ ಆಸೆಗೆ ಜಾಗನೇ ಇರಲ್ಲ, ಕಟ್ಟಿದ ದುಡ್ಡು ಕಣ್ಣಿಗೆ ಕಾಣಲ್ಲ. ಸಾಲದ ಖಾತೆಯನ್ನ ಉಳಿತಾಯದ ಖಾತೆ ತರ ತೋರಿಸೋ ಡಿಸೈನ್ ಯಾರು ಮಾಡಿದ್ದೋ ಅವ್ರಿಗೆ ಬ್ಯಾಂಕಲ್ಲಿ ಪ್ರಮೋಷನ್ ಸಿಕ್ಕಿರುತ್ತೆ ಬಿಡಿ.

ಅದಕ್ಕೆ ನಾವು ಮಾಡ್ಕೊಂಡಿರೋ ವ್ಯವಸ್ಥೆ, ತಿಂಗಳ ಮನೆ ಖರ್ಚು ಈ ಖಾತೆಯಿಂದ ಪೂರ್ತಿ ಹೊರಗೆ. ತಿಂಗಳ ಶುರುವಲ್ಲಿ ಒಂದು ಮೊತ್ತ ಬೇರೆ ಸೇವಿಂಗ್ಸ್ ಖಾತೆಗೆ ತಾನಾಗೇ ಹೋಗುತ್ತೆ, ದಿನಸಿ, ಕರೆಂಟು, ಪೆಟ್ರೋಲು, ಮಗಳ ಕ್ಲಾಸು ಎಲ್ಲಾ ಅದರಿಂದ. ಓಡಿ ಖಾತೆ ಡೆಬಿಟ್ ಕಾರ್ಡ್ ತಗೊಂಡೇ ಇಲ್ಲ, ಫೋನ್ ಪೇಮೆಂಟ್ ಆಪಿಗೂ ಲಿಂಕ್ ಮಾಡಿಲ್ಲ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಇದ್ರಿಂದ ಆಗೋ ನಷ್ಟ 100ಕ್ಕೆ 0.43ರ ಮೇಲಿನ ಬಡ್ಡಿ, ಅಂದ್ರೆ ಏನೂ ಇಲ್ಲ ಅನ್ನೋಷ್ಟು. ಜಗಳ ಕಮ್ಮಿಯಾಗಿದ್ದು ಮಾತ್ರ ಚೆನ್ನಾಗೇ ಗೊತ್ತಾಗುತ್ತೆ, ಯಾಕಂದ್ರೆ ಹೊಸ ಚಪ್ಪಲಿ ತಗೊಂಡಿದ್ದಕ್ಕೂ ಟೈಲ್ಸ್ ಬಜೆಟ್ಟಿಗೂ ಈಗ ಸಂಬಂಧ ಇಲ್ಲ. ಮತ್ತೆ ಓಡಿಯಲ್ಲಿ ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ಇಬ್ರಿಗೂ ಮೆಸೇಜ್ ಬರೋ ಹಾಗೆ ಇಟ್ಟಿದೀವಿ, ಆ ಮಟ್ಟ ಆಪತ್ಕಾಲದ ದುಡ್ಡು, ಅದನ್ನ ಮುಟ್ಟೋದಾದ್ರೆ ಕೂತು ಮಾತಾಡಿ ಮುಟ್ಟೋದು. ಅಡುಗೆಮನೆ ಮುಂದಕ್ಕೆ ಹೋಗಿದ್ದು ಹಿಂಗೇ, ದುಡ್ಡು ಖಾತೇಲಿ ಇತ್ತು ಆದ್ರೆ ಕೊಟೇಶನ್ ಮೇಲೆ ಹದಿನೈದಿಪ್ಪತ್ತು ಪರ್ಸೆಂಟ್ ಎಕ್ಸ್‌ಟ್ರಾ ಸೇರಿಸಿ ನೋಡಿದ್ರೆ ಆ ಗೆರೆ ದಾಟ್ತಿತ್ತು. ಹಳೇ ಮನೇಲಿ ಗೋಡೆ ಒಡೆದ್ಮೇಲೇ ಗೊತ್ತಾಗೋದು ಒಳಗೆ ಏನಿದೆ ಅಂತ, ಹಂಗಾಗಿ ಆ ಎಕ್ಸ್‌ಟ್ರಾ ಇಲ್ಲದ ಕೊಟೇಶನ್ ನಂಬಿ ಶುರು ಮಾಡೋಕೆ ನಂಗೆ ಧೈರ್ಯ ಇಲ್ಲ.

ಇನ್ನೂ ಒಂದೆರಡು ಸಣ್ಣ ಕಿರಿಕಿರಿ. ತೆಗೆಯೋ ಲಿಮಿಟ್ ತಿಂಗಳು ತಿಂಗಳು ಇಳೀತಾ ಹೋಗುತ್ತೆ, ಸಾಲದ ಶೆಡ್ಯೂಲ್ ಪ್ರಕಾರ. ಎಷ್ಟು ಸಾಲ ತಗೊಂಡಿದ್ವೋ ಅಷ್ಟನ್ನೂ ಯಾವಾಗ್ಲೂ ತೆಗೀಬಹುದು ಅನ್ಕೊಂಡು ಬರೋರು ಇದಾರೆ, ಇಲ್ಲ, ನಾವು ಎಕ್ಸ್‌ಟ್ರಾ ಹಾಕಿದ್ದು ಮತ್ತೆ ಅದ್ರಿಂದ ಉಳಿದ ಬಡ್ಡಿ, ಅಷ್ಟೇ ಸಿಗೋದು. ಸ್ಟೇಟ್‌ಮೆಂಟ್ ಓದೋದು ಒಂದು ತಲೆನೋವು, ಅಸಲು ಎಷ್ಟು ಬಡ್ಡಿ ಎಷ್ಟು ಅಂತ ಬಿಡಿಸಿ ಬರೆದಿರಲ್ಲ, ನಾನು ಒಂದು ಶೀಟ್ ಮಾಡ್ಕೊಂಡು ನಾನೇ ಹಾಕ್ತೀನಿ. ಆಮೇಲೆ ಫ್ಲೋಟಿಂಗ್ ರೇಟು, ಅಂದ್ರೆ ಏರಿಳಿಯೋ ಬಡ್ಡಿ, ಇದು ಓಡಿಗಷ್ಟೇ ಅಲ್ಲ ಎಲ್ಲದಕ್ಕೂ ಇರೋ ಕಾಟ. ಬಡ್ಡಿ ಏರಿದಾಗ ಬ್ಯಾಂಕಿನೋರು ಸಾಮಾನ್ಯವಾಗಿ ಇಎಂಐ ಅಷ್ಟೇ ಇಟ್ಟು ಅವಧಿ ಉದ್ದ ಮಾಡ್ತಾರೆ. ಇಎಂಐ ಬದಲಾಗಿಲ್ಲ ಅಂತ ನಾವು ಆರಾಮಾಗಿರ್ತೀವಿ, ಅಲ್ಲಿ ವರ್ಷಗಳು ಸೇರ್ತಾ ಇರುತ್ತೆ. ಬಡ್ಡಿ ಬದಲಾದಾಗೆಲ್ಲಾ ಬಾಕಿ ಅವಧಿ ಎಷ್ಟು ಅಂತ ಕೇಳಿ ತಿಳ್ಕೊಳ್ಳಿ, ಸಾಧ್ಯ ಆದ್ರೆ ಇಎಂಐನೇ ಸ್ವಲ್ಪ ಏರಿಸ್ಕೊಳ್ಳಿ.

ರೇಟಿಂಗ್ ಕೇಳಿದ್ರೆ ರಿನೋವೇಶನ್ ನಡೀತಿರೋ ಕಾಲಕ್ಕೆ 5ಕ್ಕೆ 4 ಕೊಡ್ತೀನಿ, ಅದು ಮುಗಿದು ಗಂಟು ಖಾಲಿಯಾದ್ಮೇಲೆ 3 ಕೂಡ ಜಾಸ್ತಿ. ಕೈಯಲ್ಲಿ ಗಂಟಿಲ್ಲ, ಸಂಬಳ ಬಂದಿದ್ದು ಬಂದ ಹಾಗೆ ಹೋಗುತ್ತೆ ಅನ್ನೋರು ಕಮ್ಮಿ ಬಡ್ಡಿಯ ಮಾಮೂಲಿ ಲೋನೇ ತಗೊಂಡು ವರ್ಷಕ್ಕೊಂದು ಇಎಂಐ ಎಕ್ಸ್‌ಟ್ರಾ ಕಟ್ಟಿ, ಮೇಲಿನ ಉದಾಹರಣೆಯಲ್ಲಿ ಅಷ್ಟರಿಂದಲೇ 20 ವರ್ಷದ ಸಾಲ ಮೂರು ವರ್ಷಕ್ಕೂ ಜಾಸ್ತಿ ಮುಂಚೆ ಮುಗಿಯುತ್ತೆ, ಅವಧಿ ಕಮ್ಮಿ ಮಾಡಿ ಅಂತ ಮಾತ್ರ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ಇಎಂಐ ಇಳಿಸಿ ಕೂತ್ಕೊಂಡ್ರೂ ಕೂತ್ಕೊಳ್ಬಹುದು. ದುಡ್ಡು ಕಂಡ್ರೆ ಕೈ ತಡೆಯಲ್ಲ ಅನ್ನೋರು ಮನೇಲಿ ಒಬ್ರಿದ್ರೂ ಈ ಖಾತೆ ಕಡೆ ತಲೆ ಹಾಕ್ಬೇಡಿ.

ತಗೊಳ್ಳೋದೇ ಅಂತಾದ್ರೆ ಸೈನ್ ಮಾಡೋ ಮುಂಚೆ ಮೂರು ವಿಷ್ಯ ಕೇಳಿ. ಮಾಮೂಲಿ ಲೋನಿಗೂ ಇದಕ್ಕೂ ಬಡ್ಡಿ ವ್ಯತ್ಯಾಸ ಎಷ್ಟು, ಅದು ಕೊನೇ ತನಕ ಅಷ್ಟೇನಾ. ಗಂಟು ಖಾಲಿಯಾದ್ಮೇಲೆ ಮಾಮೂಲಿ ಲೋನಿಗೆ ಬದಲಾಯಿಸ್ಕೊಳ್ಳಕ್ಕೆ ಆಗುತ್ತಾ, ಆದ್ರೆ ಫೀಸ್ ಎಷ್ಟು. ವರ್ಷಕ್ಕೊಂದ್ಸಲ ಖಾತೆ ನಡೆಸೋದಕ್ಕೆ ಅಂತ ಏನಾದ್ರೂ ಕಟ್ ಮಾಡ್ತಾರಾ. ಇದಕ್ಕೆಲ್ಲಾ ಬರವಣಿಗೇಲಿ ಉತ್ತರ ಕೊಡದೆ 'ಅದೆಲ್ಲಾ ಆಗುತ್ತೆ ಬಿಡಿ ಮೇಡಂ' ಅಂದ್ರೆ ಎದ್ದು ಬನ್ನಿ.